ಏಳನೆಯ ಸಾಲಿನ ನಾತ

ಮಾನ್ಯರೇ,

ಈ ನಗರದ ಖಾಸಗಿ ಆಸ್ಪತ್ರೆಗಳಿಗೂ ಕ್ಲಿನಿಕ್ಕುಗಳಿಗೂ ಪರವಾನಗಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ತಮ್ಮ ಮುಂದೆ ನನ್ನ ದೂರು ಇಷ್ಟೇ: ನನ್ನ ಕಾಯಿಲೆಗೆ ಸರಿಯಾಗಿ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ, ಏಕೆಂದರೆ ನನ್ನ ಪರವಾಗಿ ಸಹಿ ಹಾಕುವ ಸಂಬಂಧಿಕರಿಲ್ಲ. ಸೇರಿಸಿಕೊಳ್ಳಲು ತುದಿಗಾಲಲ್ಲಿ ನಿಂತಿರುವ ಕ್ಲಿನಿಕ್ಕನ್ನು ನಾನು ನಂಬಲಾರೆ. ಎರಡರ ಗೋಡೆಯ ಮೇಲೂ ತಮ್ಮ ಕಚೇರಿಯ ಪ್ರಮಾಣಪತ್ರ ಒಂದೇ ಅಳತೆಯ ಚೌಕಟ್ಟಿನಲ್ಲಿ ತೂಗುತ್ತಿದೆ.

ಈ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ನಾನು ಶಾಲೆಯಲ್ಲಿ ಕಲಿತ ಭಾಷೆ ಅದು. ಆಮೇಲೆ ಮರಾಠಿಯಲ್ಲಿ ಬರೆಸಿದೆ. ಎರಡಕ್ಕೂ ಸೇರಿ ಒಂದು ಸಾಲಿನ ಉತ್ತರ ಬಂತು: 'ಸಂಬಂಧಪಟ್ಟವರನ್ನು ಸಂಪರ್ಕಿಸಿ.' ಸಂಬಂಧಪಟ್ಟವರು ಯಾರೂ ಇಲ್ಲ ಎಂಬುದೇ ನನ್ನ ಅರ್ಜಿಯ ವಿಷಯವಾಗಿತ್ತು. ಹಾಗಾಗಿ ಮೂರನೆಯ ಸಲ ಕನ್ನಡದಲ್ಲಿ, ಪುಣೆಯ ಕನ್ನಡಿಗರು ಓದುವ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಇದು ಓದಲು ಬರಲಿಕ್ಕಿಲ್ಲ. ಓದಲು ಬರುವ ಭಾಷೆಯಲ್ಲಿದ್ದಾಗಲೂ ಓದಲಿಲ್ಲವಾದ್ದರಿಂದ ಹೊಸ ನಷ್ಟವೇನೂ ಆಗಲಾರದು.

ನನಗೆ ನಲವತ್ತಾರು ವರ್ಷ. ಔಷಧಿ ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಅಕ್ಷರಗಳಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಒಂಬತ್ತು ವರ್ಷಗಳಿಂದ ಖಿನ್ನತೆಯಿದೆ. ಐದು ಬಗೆಯ ಮಾತ್ರೆಗಳನ್ನು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ನುಂಗಿದ್ದೇನೆ. ಕೊನೆಗೆ ನನ್ನ ವೈದ್ಯರು ಫೈಲಿನಲ್ಲಿ 'ಔಷಧಿಗೆ ಬಗ್ಗದ ಖಿನ್ನತೆ' ಎಂದು ಬರೆದರು. ಓದಿ ಒಂದು ಕ್ಷಣ ಹೆಮ್ಮೆಯೆನಿಸಿತು. ನನ್ನದು ಎಂಬ ಯಾವುದೂ ಅಲ್ಲಿಯವರೆಗೆ ಯಾರಿಗೂ ಬಗ್ಗದೆ ಇದ್ದದ್ದಿಲ್ಲ.

ನಾನು ಅಳುತ್ತ ಕೂರುವವಳಲ್ಲ, ಕೆಲಸಕ್ಕೆ ಹೋಗುತ್ತೇನೆ. ಆದರೆ ಬೆಳಿಗ್ಗೆ ಬ್ರಷ್ ಹಿಡಿದು, ಪೇಸ್ಟಿನ ಮುಚ್ಚಳ ತೆಗೆಯುವುದಾದರೂ ಏಕೆಂದು ತಿಳಿಯದೆ ಇಪ್ಪತ್ತು ನಿಮಿಷ ನಿಂತಿರುತ್ತೇನೆ. ಎಷ್ಟೋ ಭಾನುವಾರಗಳಲ್ಲಿ ನನ್ನ ಬಾಯಿಂದ ಹೊರಡುವ ಒಟ್ಟು ಮಾತು ಹಾಲಿನವನಿಗೆ ಹೇಳುವ 'ಅರ್ಧಾ ಲೀಟರ್'. ಒಮ್ಮೊಮ್ಮೆ ಅದನ್ನೇ ಎರಡು ಸಲ ಹೇಳಿದ್ದೇನೆ, ದನಿ ಇದೆಯೇ ಎಂದು ನೋಡಲು.

ವೈದ್ಯರು ಕೆಟಮಿನ್ ಚಿಕಿತ್ಸೆಯ ಮಾತೆತ್ತಿದರು. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಬಳಸುವ ಆ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ, ಹನಿಹನಿಯಾಗಿ ರಕ್ತನಾಳಕ್ಕೆ ಬಿಡುತ್ತಾರೆ. ಕೆಲವರಿಗೆ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ. ಹನಿ ಇಳಿಯುವಾಗ ರಕ್ತದೊತ್ತಡ ಏರಬಹುದು, ಮೈ ತನ್ನದಲ್ಲ ಎನಿಸಬಹುದು. 'ಒಳ್ಳೆಯ ಕಡೆ ನೋಡಿ ಮಾಡಿಸಿಕೊಳ್ಳಿ' ಎಂದರು. ಒಳ್ಳೆಯ ಕಡೆ ಯಾವುದೆಂದು ಯಾರನ್ನು ಕೇಳಲಿ? ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ತಯಾರಿಸಿದವರು ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಇರಬೇಕು. ಒಂದು ಅಂಕಿ ಮಸುಕಾದರೂ ಇಡೀ ಸರಕನ್ನು ನಾನು ತಡೆದು ನಿಲ್ಲಿಸುತ್ತೇನೆ. ಮನುಷ್ಯರ ಎಚ್ಚರವನ್ನೇ ಮುಕ್ಕಾಲು ಗಂಟೆ ಪಕ್ಕಕ್ಕೆತ್ತಿಡುವ ಕ್ಲಿನಿಕ್ಕಿನ ಬಾಗಿಲ ಮೇಲೆ ಏನೂ ಬರೆದಿರಬೇಕಾಗಿಲ್ಲವೇ?

ಮೊದಲು ನೋಡಿದ ಕ್ಲಿನಿಕ್ಕು ಕೂದಲು ಕಸಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ಸೂರ್ಯೋದಯ. ಅಲ್ಲಿನ ಹುಡುಗಿ ನನ್ನ ರಕ್ತದೊತ್ತಡ ಕೇಳಲಿಲ್ಲ, ಯಾವ ಸಂಗೀತ ಇಷ್ಟವೆಂದು ಕೇಳಿದಳು.

"ಅರಿವಳಿಕೆ ವೈದ್ಯರು ಇದ್ದಾರಾ?"

"ಆನ್ ಕಾಲ್, ಮ್ಯಾಡಮ್."

"ಈಗ ಎಲ್ಲಿದ್ದಾರೆ?"

"ಟ್ರಾಫಿಕ್‌ಮಧ್ಯೆ ಅಸತೀಲ." ಟ್ರಾಫಿಕ್ಕಿನಲ್ಲಿರಬಹುದಂತೆ.

ಜೊತೆಗೆ ಯಾರಾದರೂ ಬರಬೇಕೇ ಎಂದರೆ, "ಛೇ, ಏಕಟ್ಯಾ ಯಾ ನಾ," ಒಬ್ಬರೇ ಬನ್ನಿ, ಆಟೋ ನಾವೇ ಹತ್ತಿಸುತ್ತೇವೆ ಎಂದು ನಕ್ಕಳು. ನನ್ನ ಒಂಟಿತನವನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡವರು ಮತ್ತೊಬ್ಬರಿಲ್ಲ.

ಎರಡನೆಯದು ಯೆರವಡಾ ಕಡೆಯ ಒಂದು ಆಸ್ಪತ್ರೆ. ಬಣ್ಣ ಹೋದ ಗೋಡೆ, ಬೆಂಚು. ಅಲ್ಲಿನ ವೈದ್ಯೆ ಒಂದು ಗಂಟೆ ಪ್ರಶ್ನೆ ಕೇಳಿದರು, ಹೃದಯದ ಪರೀಕ್ಷೆ ಮಾಡಿಸಿದರು, ಆಮ್ಲಜನಕ ಎಲ್ಲಿದೆ, ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂದು ತೋರಿಸಿದರು. "ಗುಣವಾಗುತ್ತದೆ ಎಂದು ಮಾತು ಕೊಡಲಾರೆ," ಎಂದರು. ಮಾತು ಕೊಡದಿದ್ದುದಕ್ಕೇ ನನಗೆ ನಂಬಿಕೆ ಬಂತು. ಆಮೇಲೆ ಅರ್ಜಿ ಬಂತು. ಅದರ ಏಳನೆಯ ಸಾಲು: 'ಜೊತೆಗೆ ಬರುವ ನಾತೇವಾಯಿಕರ ಹೆಸರು, ನಾತೆ, ಸಹಿ.' ನಾತೆ ಎಂದರೆ ಸಂಬಂಧ, ನಾತೇವಾಯಿಕ ಎಂದರೆ ಸಂಬಂಧಿಕ. ಆರು ಸಲ ಚಿಕಿತ್ಸೆ, ಆರು ಸಲವೂ ಸಂಬಂಧಿಕರೇ ಬರಬೇಕು. ಗೆಳತಿ ಆಗುವುದಿಲ್ಲವೇ ಎಂದರೆ, ನಮೂನೆ ಪರವಾನಗಿ ಕಚೇರಿಯಿಂದ, ಅಂದರೆ ತಮ್ಮಲ್ಲಿಂದ ಬಂದದ್ದು, ತಿದ್ದುವಂತಿಲ್ಲ ಎಂದರು.

ಸಂಬಂಧಿಕರು ಇಲ್ಲವೇ ಇಲ್ಲವೆಂದರೆ ಸುಳ್ಳಾದೀತು. ಅಣ್ಣ ಚನ್ನವೀರ ಬಿಬವೇವಾಡಿಯಲ್ಲೇ, ನನ್ನ ಮನೆಯಿಂದ ಎರಡು ಗಲ್ಲಿ ಆಚೆ ಇದ್ದಾನೆ. ಹೋಗಿ ಕೇಳಿದೆ.

"ಸಿಟ್ಟಾಗಬ್ಯಾಡ ಇಂದೂ. ನಮ್ಮ ಶೀತಲ್‌ಗ ಒಂದು ಛಲೋ ಮನಿತನ ಬಂದದ. ಮಗಳ ಲಗ್ನದ ಹೊತ್ತಿನಾಗ ಹುಚ್ಚರ ದವಾಖಾನಿ ಕಾಗದದಾಗ ನನ್ನ ಸಹಿ ಬ್ಯಾಡ."

"ಹುಚ್ಚರ ದವಾಖಾನಿ ಅಲ್ಲೋ ಅಣ್ಣಾ."

"ನನಗ ಗೊತ್ತದವಾ. ಮಂದಿಗೆ ಯಾರು ಹೇಳ್ತಾರ?"

ಹೊರಡುವಾಗ ವಹಿನಿ, ಅಣ್ಣನ ಹೆಂಡತಿ, ಡಬ್ಬಿ ತುಂಬ ಶೇಂಗಾ ಚಟ್ನಿ ಕೊಟ್ಟರು. ಅವರನ್ನು ಕೆಟ್ಟವರೆನ್ನಲಾರೆ. ಚಟ್ನಿ ಚೆನ್ನಾಗಿಯೇ ಇತ್ತು.

ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಕಲ್ಲವ್ವ ಯಾದಗಿರಿ ಕಡೆಯವಳು, ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದು ಎಂಟು ತಿಂಗಳಾಗಿದೆ. ಆ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದ ನನ್ನನ್ನು ನೋಡಿ ಪೊರಕೆ ನಿಲ್ಲಿಸಿದಳು.

"ಯಾಕ್ರೀ ಅಕ್ಕಾರ, ಮಾರಿ ಸಣ್ಣ ಮಾಡೀರಿ?"

"ಒಂದು ಸಹಿ ಬೇಕಾಗಿತ್ತು ಕಲ್ಲವ್ವ."

"ಸಹಿ ಏನ್ರಿ? ನನಗ ಬರ್ತದ. ಮೂರಕ್ಷರ, ಕಲ್ತೀನಿ." ಎಲ್ಲ ಕೇಳಿಸಿಕೊಂಡು ಅಂದಳು, "ಸೂಜಿ ಹಾಕಿದ್ರ ಬ್ಯಾಸರ ಹೋಗ್ತದೇನ್ರಿ?"

"ಹೋಗಬಹುದು."

"ಹಂಗಾರ ನಡ್ರಿ. ನಿಮ್ದು ಹೋತಂದ್ರ ನನಗೂ ಒಂದ್ ಹಾಕಸ್ರಿ."

ಆಸ್ಪತ್ರೆಗೆ ಹೋಗುವ ದಿನ ಅವಳು ಹೊಸ ಸೀರೆಯುಟ್ಟು, ಜೇಜುರಿಯ ಗುಡಿಯಿಂದ ತಂದಿಟ್ಟಿದ್ದ ಭಂಡಾರದ ಅರಿಶಿನವನ್ನು ಹಣೆಗೆ ಬಳಿದುಕೊಂಡು ಬಂದಳು. ನನ್ನ ಹಣೆಗೂ ಹಚ್ಚಿದಳು. ಕೌಂಟರಿನ ಗುಮಾಸ್ತ ಏಳನೆಯ ಸಾಲಿಗೆ ಬಂದು, ತಲೆ ಎತ್ತದೆ ಅವಳನ್ನು ಕೇಳಿದ: "ತುಮಚಂ ನಾತಂ ಕಾಯ?" ನಿಮ್ಮ ಸಂಬಂಧವೇನು ಎಂದು. ಕಲ್ಲವ್ವನಿಗೆ ಕೇಳಿಸಿದ್ದು ಒಂದೇ ಶಬ್ದ, ಅದು ನಮ್ಮ ಕನ್ನಡದ ನಾತ. ದಡಕ್ಕನೆ ಎದ್ದಳು.

"ನಾತ? ಎರಡ್ ಕೊಡ ನೀರ್ ಹಾಕ್ಕೊಂಡು ಜಳಕಾ ಮಾಡಿ ಬಂದೀನ್ರಿ! ಮೂಸಿ ನೋಡ್ರಿ ಬೇಕಾದ್ರ!" ಎಂದು ಸೆರಗನ್ನು ಅವನ ಮೂಗಿನ ತನಕ ಚಾಚಿದಳು.

ನಾನು ನಕ್ಕೆ. ಎಷ್ಟೋ ತಿಂಗಳ ಮೇಲೆ, ಗಟ್ಟಿಯಾಗಿ. ಆಮೇಲೆ ಅವಳ ಕಣ್ಣು ನೋಡಿದೆ.

ಗುಮಾಸ್ತ ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದ. ಅದೇ ಪ್ರಶ್ನೆ. 'ಬಹೀಣ', ತಂಗಿ, ಎಂದಿದ್ದರೆ ಸಾಕಿತ್ತು. ಹಾಗೆಂದಿದ್ದರೆ ಇವತ್ತಿಗೆ ನನ್ನ ಮೂರನೆಯ ಚಿಕಿತ್ಸೆ ಮುಗಿದಿರುತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ. ಸುಳ್ಳಿಗೆ ಮನಸ್ಸು ಒಪ್ಪಲಿಲ್ಲ ಎಂದು ಆಗ ಅಂದುಕೊಂಡೆ. ಈಗ ಅಷ್ಟು ಖಾತ್ರಿಯಿಲ್ಲ. ಅಣ್ಣ ಮಗಳ ನೆಪದಲ್ಲಿ ಮಾಡಿದ್ದನ್ನು ನಾನು ಪ್ರಾಮಾಣಿಕತೆಯ ನೆಪದಲ್ಲಿ ಮಾಡಿದೆನೇ? ನನ್ನ ಮೆಟ್ಟಿಲು ಗುಡಿಸುವವಳನ್ನು ನಾಲ್ಕು ಜನರೆದುರು ತಂಗಿ ಎನ್ನಲು ನಾಲಿಗೆ ಏಕೆ ಹಿಂಜರಿಯಿತು? ಇದಕ್ಕೆ ಉತ್ತರ ಕೊಡಬೇಕಾದವರು ತಾವಲ್ಲ, ನಾನು. ಗುಮಾಸ್ತ ಅರ್ಜಿಯನ್ನು ಮಡಿಸಿ ಹಿಂದಕ್ಕೆ ಕೊಟ್ಟ.

ಆಟೋದಲ್ಲಿ ಕಲ್ಲವ್ವನಿಗೆ ಆ ಶಬ್ದದ ಅರ್ಥ ಹೇಳಿ, ನಕ್ಕಿದ್ದಕ್ಕೆ ತಪ್ಪಾಯಿತೆಂದೆ. ಅವಳು "ನಿಮಗ ಯಾರೂ ಇಲ್ಲೇನ್ರಿ?" ಎಂದಳು. ಅಣ್ಣ ಇದ್ದಾನೆ ಎಂದೆ. "ಮತ್ತ?" ಎಂದಳು.

ಮಾನ್ಯರೇ, ಜೊತೆಗೊಬ್ಬರು ಬೇಕೆಂಬ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಚಿಕಿತ್ಸೆ ಮುಗಿಸಿ ಬಂದ ಒಬ್ಬರು ಗೋಡೆ ಹಿಡಿದು ನಡೆಯುವುದನ್ನು ನಾನೇ ಕಂಡಿದ್ದೇನೆ. ಕೈ ಹಿಡಿಯಲು ಒಂದು ಕೈ ಬೇಕು, ಸರಿ. ಅದರಲ್ಲಿ ಹರಿಯುವ ರಕ್ತ ಯಾವ ಮನೆತನದ್ದೆಂದು ತಮಗೇಕೆ? ಸಂಬಂಧಿಕರು ಸುತ್ತಲೂ ಇರುವವರಿಗೇ ಈ ಕಾಯಿಲೆ ಬರುತ್ತದೆಂದು ತಮಗೆ ಯಾರು ಹೇಳಿದರು?

ಆಸ್ಪತ್ರೆಯ ವೈದ್ಯೆ ಈ ತಿಂಗಳ ಕೊನೆಯ ತನಕ ನನ್ನ ಜಾಗ ಕಾದಿರಿಸಿದ್ದಾರೆ. ಸೂರ್ಯೋದಯದ ಕ್ಲಿನಿಕ್ಕಿನಿಂದ ದಿನವೂ ಸಂದೇಶ ಬರುತ್ತದೆ: 'ಹಾಯ್ ಇಂದೂ, ಹೇಗಿದ್ದೀರಿ? ಶನಿವಾರ ಖಾಲಿಯಿದೆ.' ಯಂತ್ರ ಕಳಿಸುವ ಸಂದೇಶ ಅದೆಂದು ಗೊತ್ತು. ಆದರೂ ಕೆಲವು ದಿನ ಅದನ್ನು ಎರಡು ಸಲ ಓದುತ್ತೇನೆ. ಒಂದು ಶನಿವಾರ ಹೋಗಿಬಿಟ್ಟೇನು ಎಂಬುದು ನನ್ನ ಭಯ.

ಅದಕ್ಕೆ ಮೊದಲೇ ಏಳನೆಯ ಸಾಲಿನಿಂದ 'ನಾತೇವಾಯಿಕ' ಶಬ್ದ ತೆಗೆದು 'ಜೊತೆಗೆ ಬರುವವರು' ಎಂದು ಬರೆಯಿಸಿ. ಜೊತೆಗೆ ಯಾರೂ ಇಲ್ಲದವರಿಗೆ ಆಸ್ಪತ್ರೆಯೇ ಒಬ್ಬರನ್ನು ಕಳಿಸಲಿ. ಈ ಚಿಕಿತ್ಸೆ ಕೊಡುವ ಪ್ರತಿ ಕ್ಲಿನಿಕ್ಕೂ ಔಷಧಿ ಕೊಡುವವರು ಯಾರು, ಅರಿವಳಿಕೆ ವೈದ್ಯರು ಕಟ್ಟಡದಲ್ಲಿದ್ದಾರೋ ಟ್ರಾಫಿಕ್ಕಿನಲ್ಲಿದ್ದಾರೋ ಎಂಬುದನ್ನು ಬಾಗಿಲಲ್ಲೇ ಬರೆದು ಹಾಕಲಿ. ಅಕ್ಷರ ತಪ್ಪಿದ್ದರೆ ನಾನೇ ಬಂದು ತಿದ್ದಿಕೊಡುತ್ತೇನೆ.

ನಿನ್ನೆ ಕಲ್ಲವ್ವ ಮತ್ತೆ ಕೇಳಿದಳು. "ಈ ಸಲ ಜಗಳಾ ಮಾಡಂಗಿಲ್ರಿ ಅಕ್ಕಾರ. ನಾತ ಏನಂತ ಕೇಳಿದ್ರ ಏನ್ ಹೇಳ್ಲಿ, ಅದೊಂದು ಕಲಿಸಿಕೊಡ್ರಿ." ನಾನು ಇನ್ನೂ ಕಲಿಸಿಲ್ಲ. ತಮ್ಮ ಕಚೇರಿ ಒಪ್ಪುವಂಥ ಉತ್ತರವೇನಾದರೂ ಇದ್ದರೆ ದಯವಿಟ್ಟು ತಿಳಿಸಿ. ಮೂರಕ್ಷರದೊಳಗಿದ್ದರೆ ಅವಳು ಬರೆಯಲೂ ಕಲಿಯುತ್ತಾಳೆ.

ಇಂತಿ,
ಎರಡು ಗಲ್ಲಿ ಆಚೆ ಅಣ್ಣನಿದ್ದೂ ಏಳನೆಯ ಸಾಲು ಖಾಲಿಯಿರುವ
ಇಂದೂ
ಬಿಬವೇವಾಡಿ, ಪುಣೆ