ಬಿಲ್ಲುಗಾರ್ತಿಯ ಹಸಿರು ಕವಚ

ಮಾರ್ಚ್ 3, ಸಂಜೆ
ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಉಜ್ಜಿ ಕಣ್ಣು ಮಂಜು. ಆದರೂ ಬಂದವಳೇ ಟಿವಿ ಮುಂದೆ. ಆರು ವರ್ಷದಿಂದ ಇದೇ ಪದ್ಧತಿ — ಗೇಮ್‌ನಲ್ಲಿ ಯುದ್ಧ ಮಾಡುವುದು ತಮ್ಮ, ಅವನ ವೀರನಿಗೂ ಜೊತೆಗಾತಿ ಬಿಲ್ಲುಗಾರ್ತಿಗೂ ಕವಚ ತೊಡಿಸುವುದು ನಾನು. ಬಿಲ್ಲುಗಾರ್ತಿಯ ಹಸಿರು ಕವಚ ನನ್ನ ಕೈಯದೇ. ತೋಳಿಗೆ ಡ್ರ್ಯಾಗನ್ ಚರ್ಮ, ಅಂಚಿಗೆ ತಾಮ್ರ. ಇಡೀ ಒಂದು ಚಳಿಗಾಲ ಹಿಡಿದಿತ್ತು.

ಇವತ್ತು ನನ್ನ ಕುರ್ಚಿಯಲ್ಲಿ ತಮ್ಮನ ಹೆಂಡತಿ. ಮದುವೆಯಾಗಿ ತಿಂಗಳಾಗಿಲ್ಲ! “ಬನ್ನಿ ಅತ್ತಿಗೆ, ಇಲ್ಲೇ ಜಾಗ ಇದೆ” ಅಂದಳು. ನನ್ನ ಮನೆಯಲ್ಲಿ ನನಗೇ ಜಾಗ ತೋರಿಸುತ್ತಾಳೆ. ತಲೆನೋವು ಅಂತ ಎದ್ದು ಬಂದೆ.

ಮಾರ್ಚ್ 5
ಗೋಡೆಯಾಚೆ ತಮ್ಮನ ನಗು. ಅವಳ ಜೋಕಿಗೆ ಅಷ್ಟೊಂದು ನಗಬೇಕಾ? ನನ್ನದಕ್ಕೆ ಬರೀ “ಹೂಂ”.

ಮಾರ್ಚ್ 14
ಇಷ್ಟು ದಿನ ಬರೆಯಲಿಲ್ಲ. ಬರೆದರೆ ವಿಷವೇ.

ಬಿಲ್ಲುಗಾರ್ತಿಗೆ ನೀಲಿ ಕವಚ! ಭುಜಕ್ಕೆ ಬೆಳ್ಳಿ ರೆಕ್ಕೆ ಬೇರೆ. ಯುದ್ಧಕ್ಕೆ ಹೊರಟಿದ್ದಾಳೋ, ಫೋಟೋ ತೆಗೆಸಿಕೊಳ್ಳಲೋ? “ಚೆನ್ನಾಗಿದೆ ಅಲ್ವಾ ಅಕ್ಕಾ? ಇವಳ ಐಡಿಯಾ” ಅಂದ ತಮ್ಮ. ಚೆನ್ನಾಗಿದೆ ಅಂದೆ.

ಮಾರ್ಚ್ 16, ಭಾನುವಾರ
ಇಬ್ಬರೂ ಹೊರಗೆ. ಗೇಮ್ ಹಾಕಿದೆ. ಬಿಲ್ಲುಗಾರ್ತಿಯನ್ನು ಕುಲುಮೆಗೆ ಕರೆದೊಯ್ದೆ. ಕವಚ ಕಳಚಿಸಿ ‘ಕರಗಿಸು’ ಒತ್ತಿದೆ. ಖಚಿತವೇ ಅಂತ ಕೇಳಿತು. ಖಚಿತವೇ! ಸೇವ್ ಆಗಿಹೋಯಿತು.

ಕುಲುಮೆಯಿಂದ ಬಂದದ್ದು ಡ್ರ್ಯಾಗನ್ ಚರ್ಮದ ಚೂರು. ತಾಮ್ರ. ನೀಲಿ ಕವಚದಲ್ಲಿ ತಾಮ್ರ ಎಲ್ಲಿಂದ...

ಅದೇ ದಿನ, ಸಂಜೆ
ತಮ್ಮ ನೋಡಿದ. ಮುಖ ಸಪ್ಪಗಾಯಿತು. ಹೆಂಡತಿಯತ್ತ ತಿರುಗಿದ. “ಅಕ್ಕ ಮಾಡಿದ್ದನ್ನ ತೆಗೀಬೇಡ, ನಿನ್ನ ನೀಲೀನ ಬರೀ ಮೇಲ್ವೇಷ ಮಾಡು ಅಂದಿದ್ದೆ. ಹಾಗೇ ಮಾಡಿದ್ವಲ್ಲ. ಒಳಗೆ ಹಸಿರೇ ಇತ್ತು!”

ತೋರಿಕೆ ಮಾತ್ರ ಅವಳದು. ಮೈಮೇಲಿದ್ದದ್ದು ನನ್ನದೇ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ.

“ನಿನ್ನೆ ಏನೇನೋ ಒತ್ತಿದ್ದೆ ರೀ, ನಂದೇ ತಪ್ಪಿರ್ಬೇಕು” — ಅವಳು ಅತ್ತೇಬಿಟ್ಟಳು. “ಹೋಗ್ಲಿ ಬಿಡೇ” ಅಂತ ಅವನು ತಲೆ ಸವರಿದ. ಕರಗಿಸಿದವಳು ನಾನು, ಸಮಾಧಾನ ಅವಳಿಗೆ. ಅದಕ್ಕೂ ಹೊಟ್ಟೆಕಿಚ್ಚು ಬಂತಲ್ಲ, ಥೂ.

ಮಾರ್ಚ್ 17, ಬೆಳಗ್ಗೆ
ಬಾಗಿಲಲ್ಲಿ ಅವಳು. ಕೈಯಲ್ಲಿ ಕಂಟ್ರೋಲರ್. ಕಣ್ಣು ಇನ್ನೂ ಊದಿಕೊಂಡಿದೆ. “ಅತ್ತಿಗೆ, ಹಸಿರು ಹೇಗೆ ಮಾಡಿದ್ರಿ, ಹೇಳ್ಕೊಡ್ತೀರಾ? ನಿಮ್ಮ ಕುರ್ಚೀಲಿ ಇನ್ನು ನಾನು ಕೂರಲ್ಲ.”

ಒಂದು ನಿಮಿಷ, ಬಂದೆ ಅಂದೆ. ಹೇಳಬೇಕಾದ್ದನ್ನು ಇಲ್ಲಿ ಬರೆದು ಅಭ್ಯಾಸ ಮಾಡಿಕೊಂಡೇ ಹೋಗುತ್ತೇನೆ. ನೋಡಮ್ಮ, ಅದನ್ನ ಕರಗಿಸಿದ್ದು ನೀನಲ್ಲ —