ತಂಗಿಯ ಕೊರಳಲ್ಲಿ ತೂಗುವ ಸೀಟಿಯ ಕುರಿತು

ಬಡಾವಣೆಯ ಯುವ ಸ್ವಯಂಸೇವಕ ಕಾರ್ಯಕ್ರಮದ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಎರಡನೆಯ ಸಾಲು ಓದುವಷ್ಟು ಬಿಡುವು ತಮಗಿದೆಯೋ ಇಲ್ಲವೋ. ಹದಿಹರೆಯದವರಲ್ಲಿ ನಾಯಕತ್ವ ಬೆಳೆಸುವ ತಮ್ಮ ಘನ ಯೋಜನೆಯಡಿ, ತಂಡದ ನಾಯಕನಿಗೆ ಸಲ್ಲುವ ಸೀಟಿಯನ್ನು ಹದಿನೇಳು ತುಂಬಿದ ನನಗೆ ಕೊಡದೆ, ಹದಿನಾಲ್ಕರ ನನ್ನ ತಂಗಿಯ ಕೊರಳಿಗೆ ಹಾಕಿದ್ದೀರಿ. ಅವಳನ್ನು ಅಲ್ಲಿಗೆ ಕರೆತಂದವನೇ ನಾನು, ಸ್ವಾಮಿ! ಅದೂ ನನ್ನ ಚೀಲ ಹೊರಲು.

ಅವಳಲ್ಲಿ ತಮಗೆ ನಾಯಕಿ ಕಂಡದ್ದಾದರೂ ಎಲ್ಲಿ? ಆಯ್ಕೆಯ ದಿನ ನಾನು ಮೇಜು ಗುದ್ದಿ, ಗಂಟಲು ಹರಿದುಕೊಂಡು ಭಾಷಣ ಮಾಡಿದೆ. ಅವಳು ಎದ್ದು, "ಕುರ್ಚಿ ಸಾಲಲ್ಲ, ವಯಸ್ಸಾದವರಿಗೆ ಮೊದಲು ಕೊಡೋಣ" ಎಂದು ಕೂತಳು. ಅದು ಭಾಷಣವೇ? ಅಂದಿನಿಂದ ಅಮ್ಮ, "ಲೀಡರ್ ಬಂದ್ಲು, ಕಾಲ್ ತೆಗಿಯೋ" ಎಂದು ಸೋಫಾದಿಂದ ನನ್ನನ್ನು ಎಬ್ಬಿಸುತ್ತಾರೆ. "ಅಮ್ಮಾ, ದೊಡ್ಡವನು ನಾನು" ಅಂದರೆ, "ಹೌದಪ್ಪಾ, ಕತ್ತೆಗಾದಷ್ಟು ವಯಸ್ಸಾಗಿದೆ" ಎನ್ನುತ್ತಾರೆ.

ಇನ್ನು ಕಣ್ಣಿನ ಶಿಬಿರದ ಆ ಸಂಜೆ. ಸಮುದಾಯ ಭವನದ ತುಂಬ ಹಿರಿಯರು. ತಪಾಸಣೆಗೆಂದು ಎಲ್ಲರ ಕಣ್ಣಿಗೂ ಹನಿ ಹಾಕಿ ಕೂರಿಸಿದ್ದರು. ಪಕ್ಕದವರ ಮುಖವೂ ಮಂಜು ಮಂಜು. ಆಗಲೇ ಕರೆಂಟ್ ಹೋಗಬೇಕೇ? ಯಾರೋ ಎದ್ದರು, ಕುರ್ಚಿ ಬಿತ್ತು, ಎಲ್ಲರೂ ಎದ್ದರು. ತಂಗಿ ಸೀಟಿ ಊದಿದಳು. ಫುಸ್! ಅದರೊಳಗೆ ಹತ್ತಿ ಹೇಗೆ ಸೇರಿತೆಂದು ತಾವು ಸಮಿತಿ ರಚಿಸಬೇಕಿಲ್ಲ. ಕಣ್ಣಿನ ಶಿಬಿರದಲ್ಲಿ ಹತ್ತಿಗೇನು ಬರ? ಇವಳೀಗ ಅಳುತ್ತಾಳೆ, ಸೀಟಿ ನನ್ನ ಕೈಗೆ ಬರುತ್ತದೆ ಎಂದು ನಾನು ಎದೆಯುಬ್ಬಿಸಿ ನಿಂತಿದ್ದೆ.

ಅವಳು ಕತ್ತಲಲ್ಲೇ ಬಂದು ನನ್ನ ತೋಳು ಹಿಡಿದಳು. "ಅಣ್ಣಾ, ನಿನ್ ಬಾಯಿ ಬೇಕು. ಬಾಗಿಲ ಹತ್ರ ನಿಂತು ಏನಾದ್ರೂ ಹರಟ್ತಾ ಇರು. ಎಲ್ರೂ ನಿನ್ ದನಿ ಹಿಡ್ಕೊಂಡು ಬರ್ಲಿ."

"ಏನಂತ ಹರಟ್ಲಿ?"

"ದಿನಾ ನನ್ನ ಕೇಳಿ ಹರಟ್ತೀಯಾ?"

ಹರಟಿದೆ. ತಮ್ಮ ಉದ್ಘಾಟನಾ ಭಾಷಣದ ಧಾಟಿಯಲ್ಲೇ ಬಾಗಿಲನ್ನು ಉದ್ಘಾಟಿಸಿದೆ, ಹೊಸ್ತಿಲಿಗೆ ಸನ್ಮಾನ ಮಾಡಿದೆ. ತಂಗಿ ಒಬ್ಬೊಬ್ಬ ಸ್ವಯಂಸೇವಕನ ಕೈಗೆ ಒಬ್ಬೊಬ್ಬರ ಕೈಯಿಟ್ಟು ಕಳಿಸಿದಳು. ಹಿರಿಯರು ನಗುತ್ತಲೇ ಅಂಗಳಕ್ಕೆ ಬಂದರು, ಒಬ್ಬರೂ ಎಡವಲಿಲ್ಲ. "ಈ ಬಾಯಿ ಯಾರದಮ್ಮಾ?" ಎಂದು ಒಬ್ಬ ಅಜ್ಜಿ ಕೇಳಿದರು. "ನಮ್ಮಣ್ಣಂದು" ಎಂದಳು, ಮನೆಯ ಒಳ್ಳೆಯ ಪಾತ್ರೆ ತೆಗೆದು ತೋರಿಸುವವಳಂತೆ.

ಮನೆಗೆ ಬರುವ ದಾರಿಯಲ್ಲಿ ಪಿನ್ನಿನಿಂದ ಹತ್ತಿ ಕಿತ್ತು ನನ್ನ ಜೇಬಿಗೆ ಹಾಕಿದಳು. ಅಮ್ಮನಿಗೂ ಹೇಳಲಿಲ್ಲ. ಇಂಥವಳ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದು ಹೇಗೆ ಸ್ವಾಮಿ?

ಅಂದಿನಿಂದ ಶಿಬಿರಗಳಲ್ಲಿ ಬಾಗಿಲ ಬಳಿ ನಿಂತು ಹರಟುವ ಕೆಲಸ ನನ್ನದೇ ಆಯಿತು. ಅಷ್ಟರಲ್ಲಿ ತಮ್ಮ ಆದೇಶ ಬಂತು: ಒಡಹುಟ್ಟಿದವರು ಒಂದೇ ತಂಡದಲ್ಲಿ ಇರತಕ್ಕದ್ದಲ್ಲ. ನನ್ನನ್ನು ಬೇರೆ ತಂಡಕ್ಕೆ ಎಸೆದಿರಿ. ಬಾಗಿಲಲ್ಲಿ ಈಗ ನಿಲ್ಲುವವನು ಬೇಕರಿಯವರ ಮಗ, ನಾವೆಲ್ಲ ಕೊಕ್ಕರೆ ಎಂದು ಕರೆಯುವವನು. ಉದ್ದ ಬಿಟ್ಟರೆ ಅವನಲ್ಲೇನಿದೆ? ನಿನ್ನೆ ಕಿಟಕಿಯಲ್ಲಿ ಇಣುಕಿ ನೋಡಿದೆ. ಅವನ ಸಪ್ಪೆ ಜೋಕಿಗೆ ನನ್ನ ತಂಗಿ ನಗುತ್ತಿದ್ದಳು! ಅದು ನಾನು ನಗಿಸಬೇಕಾದ ಜಾಗ.

ಆದ್ದರಿಂದ ಬೇಡಿಕೆ ಒಂದೇ. ಸೀಟಿ ಅವಳಲ್ಲೇ ಇರಲಿ. ನನ್ನ ಬಾಗಿಲು ನನಗೆ ವಾಪಸ್ ಕೊಡಿ. ತಡಮಾಡಿದರೆ ಕೊಕ್ಕರೆಯ ಬಾಯಿಗೆ ನಾನು ಹೊಣೆಯಲ್ಲ. ಹತ್ತಿ ಇನ್ನೂ ಜೇಬಿನಲ್ಲೇ ಇದೆ.

ಇಂತಿ,
ಸೀಟಿಯೂ ಸಿಗದ, ಬಾಗಿಲೂ ಉಳಿಯದ
ಲೀಡರ್ ಅಣ್ಣ