ಮೇ ತಿಂಗಳಲ್ಲಿ ಮೀನು ಹುಡುಕಿದ ನಕಾಶೆ

ಜೌಗುಭೂಮಿಯ ನಕಾಶೆಗೆ ಕೊನೆಯ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಗಡಿಯೂರು ಆರಗದ ಪಕ್ಕದ ನಮ್ಮ ಹುಣಸಿಹೊಂಡವನ್ನು ತಾವು ಅಳಿಸಿ ಹಾಕಿದ್ದೀರಿ. ಒಂಬತ್ತು ಎಕರೆ ನೀರನ್ನು ಕರಡು ನಕಾಶೆಯಲ್ಲಿ ‘ಬೀಳು ಭೂಮಿ’ ಎಂದು ಬರೆದು ಹಳದಿ ಬಳಿದಿದ್ದೀರಿ. ಆ ಬಣ್ಣ ಒಣಗುವ ಮೊದಲೇ ಪ್ಲಾಟು ಮಾಡುವವರ ಟ್ರಕ್ಕುಗಳು ಬಂದು ದಂಡೆಯಲ್ಲಿ ಮುರುಮು ಮಣ್ಣು ಸುರಿದಿವೆ. ತಡೆಯಲು ಹೋದರೆ ಅವರು ತೋರಿಸುವುದು ತಾವು ಬಣ್ಣ ಬಳಿದ ಈ ನಕಾಶೆಯನ್ನೇ! ಜೌಗುಭೂಮಿಯಲ್ಲಿ ಮಣ್ಣು ತುಂಬಬಾರದೆಂಬ ನಿಯಮ ಇದೆಯಲ್ಲವೇ? ಇದೆ. ಆದರೆ ನಕಾಶೆಯಲ್ಲೇ ಇಲ್ಲದ ನೀರನ್ನು ಯಾವ ನಿಯಮ ಕಾಯಬೇಕು? ಕಾನೂನು ಮುರಿಯುವ ತೊಂದರೆಯೇ ಬೇಡ, ಬಣ್ಣ ಬದಲಿಸಿದರೆ ಸಾಕು.

ಇದು ಹೇಗಾಯಿತು ಎಂದು ಹೇಳುತ್ತೇನೆ. ಆ ಪಾಪದಲ್ಲಿ ನನಗೂ ಪಾಲಿದೆ. ನಮ್ಮದು ಜೈನರ ಓಣಿ. ಬೇಸಿಗೆಯಲ್ಲಿ ಹೊಂಡದ ನೀರು ಮೊಣಕಾಲಿಗಿಂತ ಕೆಳಗಿಳಿದರೆ, ಮೀನು ಬಿಸಿಲಿಗೆ ಸಾಯಬಾರದೆಂದು ಹೆಂಗಸರು ಅವನ್ನು ಕೊಡಗಳಲ್ಲಿ ಹೊತ್ತು ಬಸದಿಯ ಹಿಂದಿನ ಬಾವಿಗೆ ಬಿಡುತ್ತಾರೆ. ಜೂನಿನ ಮಿರಗದ ಮಳೆಗೆ ಹೊಂಡ ತುಂಬಿದ ಮೇಲೆ ಮರಳಿ ತರುತ್ತಾರೆ. ಈ ಕೆಲಸದ ಮುಂದಾಳು ನನ್ನ ತಾಯಿಯ ತಂಗಿ, ಮಾವಶಿ ಹೀರಾಬಾಯಿ, ಎಪ್ಪತ್ತೆರಡು ವರ್ಷದವರು. ತಮ್ಮ ಸರ್ವೇಯವನು ಬಂದದ್ದು ಯಾವಾಗ? ಹೋದ ವರ್ಷ ಮೇ ತಿಂಗಳಲ್ಲಿ, ಕೊನೆಯ ಕೊಡ ಬಾವಿಗೆ ಹೋದ ಮರುದಿನ!

ಮೀನು ಇವೆಯೇ ಎಂದು ಆತ ಮರಾಠಿಯಲ್ಲಿ ಕೇಳಿದ. “ಒಂದೂ ಇಲ್ಲಪಾ! ಬೇಕಾದ್ರ ಕೆಸರಾಗ ಇಳದು ನೋಡು,” ಎಂದರು ಮಾವಶಿ, ಹೆಮ್ಮೆಯಿಂದ. ಒಂದು ಜೀವವನ್ನೂ ಸಾಯಲು ಬಿಟ್ಟಿಲ್ಲ ಎಂಬ ಹೆಮ್ಮೆ ಅದು. ಆತ ಬೂಟಿಗೆ ಕೆಸರು ತಾಗಿಸಿಕೊಳ್ಳದೆ ‘ಜಲಚರ ಇಲ್ಲ’ ಎಂದು ತನ್ನ ಕಾಗದದಲ್ಲಿ ತುಂಬಿದ. ಮೂವತ್ತು ವರ್ಷ ಮೋರ್ಚಾಗಳಲ್ಲಿ ಗಂಟಲು ಹರಿದುಕೊಂಡ ನಾನು ಆ ಕಾಗದವನ್ನು ಓದದೆಯೇ, “ಸಹಿ ಮಾಡ್ರಿ ಮಾವಶಿ, ಹೊಂಡಾ ಉಳಸಾಕ ಬಂದಾರ,” ಎಂದೆ.

ಕಳೆದ ಸೋಮವಾರ ಆಕ್ಷೇಪಣೆ ಹಿಡಿದು ತಮ್ಮ ಕಚೇರಿಗೆ ಬಂದೆವು. “ಆಜಿ, ನೀವ ಇಲ್ಲಂತ ಹೇಳೀರಿ. ಸಹಿ ಐತಿ,” ಎಂದ ಗುಮಾಸ್ತ.

“ಈಗ ನಿನ್ನ ಮನಿಗಿ ಹೋಗಿ ಹಣಿಕಿ ಹಾಕ್ತೇನಿ,” ಎಂದರು ಮಾವಶಿ. “ನೀ ಇರೂದಿಲ್ಲ. ಈ ಮನ್ಯಾಗ ಗಂಡಸ ಇಲ್ಲಂತ ಬರಕೊಂಡು ನಿನ್ನ ಹೆಂಡತಿಗಿ ಬ್ಯಾರೆ ವರಾ ನೋಡ್ಲೇನ?”

ಕಚೇರಿಯೆಲ್ಲ ನಕ್ಕಿತು. ಅರ್ಜಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಮಾನ್ಯರೇ, ಕೆಲವು ತಿಂಗಳು ನೀರು, ಕೆಲವು ತಿಂಗಳು ಕೆಸರು, ಅದೇ ಅಲ್ಲವೇ ಜೌಗು? ವರ್ಷವಿಡೀ ತುಂಬಿಯೇ ಇರಬೇಕೆಂದರೆ ಅದು ನೀರಿನ ಟಾಕಿ. ತಮ್ಮ ಉಪಗ್ರಹ ವರ್ಷವೆಲ್ಲ ಮೇಲಿನಿಂದ ನೋಡುತ್ತದೆ. ಹೊಂಡ ತುಂಬಿರುವ ದೀಪಾವಳಿ ಸಮಯದ ಅದರ ಚಿತ್ರವೊಂದನ್ನು ತೆರೆದು ನೋಡಿದ್ದರೆ ತಮ್ಮ ಬೆರಳು ಸವೆಯುತ್ತಿತ್ತೇ?

ಮಳೆಗೆ ಇನ್ನು ಹತ್ತು ದಿನ. ಈ ವರ್ಷದ ಮೀನೆಲ್ಲ ಬಾವಿಯಲ್ಲಿ ಕಿಕ್ಕಿರಿದಿವೆ. ಮಾವಶಿ ದಿನಾ ಬಗ್ಗಿ ನೋಡಿ, “ಎಲ್ಲಿ ಬಿಡೂದ ಇವನ್ನ?” ಎನ್ನುತ್ತಾರೆ. ಅದಕ್ಕೆ ಉತ್ತರ ತಮ್ಮಲ್ಲಿ ಇರಲೇಬೇಕು. ಮುರುಮು ನಿಲ್ಲಿಸುವ ಆದೇಶವನ್ನು ನಾಳೆಯೇ ಬರೆದು ಕೊಡಿ. ನಾನು ಸಹಿ ಮಾಡಿಸಿದ ಆ ಕಾಗದವನ್ನು ರದ್ದು ಮಾಡಿ. ಹೊಂಡ ತುಂಬಿದ ಮೇಲೆ ತಾವೇ ಬಂದು ಎದೆಮಟ್ಟ ನೀರಿನಲ್ಲಿ ನಿಂತು ಅಳೆಯಿರಿ, ಬಣ್ಣ ಆಮೇಲೆ. ಅಲ್ಲಿಯವರೆಗೆ ನಮ್ಮ ಓಣಿಯ ಹೆಂಗಸರು ಟ್ರಕ್ಕಿನ ದಾರಿಯಲ್ಲಿ ಕೂತಿರುತ್ತೇವೆ. ಪೊಲೀಸರನ್ನು ಕಳಿಸುವುದಾದರೆ ಹೆಚ್ಚು ಜನರನ್ನೇ ಕಳಿಸಿ, ಮಾವಶಿಯನ್ನು ಎತ್ತುವುದು ಒಬ್ಬಿಬ್ಬರ ಕೆಲಸವಲ್ಲ.

ಇಂತಿ,
ಓದದೆ ಸಹಿ ಹಾಕಿಸಿದ ತಪ್ಪಿಗೆ ದಾರಿಯಲ್ಲಿ ಕೂತಿರುವ
ಬ್ರಾಹ್ಮಿ ಮಗದುಮ, ಆರಗ